ತಾಮ್ರದ ಕಾಸು: ತೂಕ ಮತ್ತು ಬೆಲೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬನ್ನೇರುಘಟ್ಟ ರಸ್ತೆಗೆ ಹೊಂದಿಕೊಂಡಿರುವ ಹುಳಿಮಾವು, ತನ್ನ ಕೆರೆ ಮತ್ತು ರಾಮಲಿಂಗೇಶ್ವರ ಗುಹಾಲಯಗಳಿಂದ ಪರಿಚಿತವಾದ ಹಳೆಯ ಊರು. ನಗರವು ಅದನ್ನು ತನ್ನೊಳಗೆ ಸೇರಿಸಿಕೊಂಡ ಮೇಲೆ ಹೆಂಚಿನ ಮನೆಗಳಿದ್ದ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಇಂತಹ ಊರುಗಳಲ್ಲಿ ಹಳೆಯ ಮನೆಯನ್ನು ಕೆಡಹುವಾಗ ಹಂಡೆ, ಕೊಳಗ, ಚೊಂಬುಗಳ ಜೊತೆಗೆ ತಾಮ್ರದ ಕಾಸುಗಳ ಗಂಟೂ ಗುಜರಿ ಅಂಗಡಿಯ ತಕ್ಕಡಿಯನ್ನು ಏರುವುದುಂಟು. ತಾಮ್ರದ ಧಾರಣೆ ಏರುತ್ತಿರುವ ಕಾಲದಲ್ಲಿ ಆ ಕಾಸುಗಳನ್ನು ಲೋಹಕ್ಕಾಗಿಯೇ ಕೂಡಿಡುವುದು ಲಾಭದಾಯಕವೆ ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಮೊದಲು ಲೆಕ್ಕದ ಮೂಲಕವೇ ಉತ್ತರ ಹುಡುಕುವುದು ನ್ಯಾಯ.

ವಿಕ್ಟೋರಿಯಾ ರಾಣಿಯ ಮುಖಮುದ್ರೆಯುಳ್ಳ 1862ರ ಕಾಲಾಣೆಯ ನಿಗದಿತ ತೂಕ 100 ಗ್ರೇನು, ಅಂದರೆ ಸುಮಾರು 6.48 ಗ್ರಾಂ. ಒಂದು ಕಿಲೋ ತಾಮ್ರವಾಗಬೇಕಾದರೆ ಇಂತಹ 154 ಕಾಸುಗಳು ಬೇಕು. ಲೆಕ್ಕದ ಸೌಕರ್ಯಕ್ಕಾಗಿ ಕಿಲೋ ತಾಮ್ರಕ್ಕೆ 1000 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಕಾಸಿನ ಲೋಹದ ಬೆಲೆ ಆರೂವರೆ ರೂಪಾಯಿಯನ್ನು ಮುಟ್ಟುವುದಿಲ್ಲ. ಅಂದು ರೂಪಾಯಿಗೆ 64 ಕಾಲಾಣೆ. ಆ 64 ಕಾಸುಗಳನ್ನು ಪೆಟ್ಟಿಗೆಯಲ್ಲಿಟ್ಟ ಕುಟುಂಬಕ್ಕೆ ಇಂದು ದೊರೆಯುವುದು 415 ಗ್ರಾಂ ತಾಮ್ರ, ಸುಮಾರು 415 ರೂಪಾಯಿ. ಅದೇ ದಿನ ಒಂದು ಬೆಳ್ಳಿಯ ರೂಪಾಯಿಯನ್ನು ಇಟ್ಟವರ ಬಳಿ ಇರುವುದು 10.69 ಗ್ರಾಂ ಅಪ್ಪಟ ಬೆಳ್ಳಿ. ಕಿಲೋ ಬೆಳ್ಳಿಗೆ ಕೇವಲ ಲಕ್ಷ ರೂಪಾಯಿ ಎಂದು ಹಿಡಿದರೂ ಅದರ ಬೆಲೆ ಸಾವಿರ ದಾಟುತ್ತದೆ. ಗುಜರಿಯವರು ಕಳೆಯುವ ಸವಕಳಿ, ಕರಗಿಸುವ ಖರ್ಚು, ಒಂದೂವರೆ ಶತಮಾನ ಕಾಯ್ದ ಕಾಲ ಇವನ್ನು ಸೇರಿಸಿದರೆ ತಾಮ್ರದ ಗಂಟು ಇನ್ನಷ್ಟು ಹಗುರವಾಗುತ್ತದೆ.

ಇದಕ್ಕೆ ಕಾರಣ ಆ ನಾಣ್ಯದ ಸ್ವರೂಪದಲ್ಲಿಯೇ ಇದೆ. ಬ್ರಿಟಿಷ್ ಆಡಳಿತದ ತಾಮ್ರದ ಕಾಸು ತನ್ನೊಳಗಿನ ಲೋಹದ ಬಲದಿಂದ ಚಲಾವಣೆಯಾದುದಲ್ಲ, ಸರ್ಕಾರದ ಮುದ್ರೆಯ ಬಲದಿಂದ ಚಲಾವಣೆಯಾದುದು. 1906ರ ನಾಣ್ಯ ಕಾಯ್ದೆಯ ತರುವಾಯ ಅಪ್ಪಟ ತಾಮ್ರದ ಸ್ಥಾನಕ್ಕೆ ತವರ ಮತ್ತು ಸತುವು ಬೆರೆತ ಕಂಚು ಬಂತು. ಕಾಲಾಣೆಯ ತೂಕ 75 ಗ್ರೇನಿಗೆ ಇಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಲೋಹದ ಅಭಾವ ತಲೆದೋರಿದಾಗ, 1943ರಲ್ಲಿ, ನಡುವೆ ರಂಧ್ರವಿರುವ ಸುಮಾರು ಎರಡು ಗ್ರಾಂ ತೂಕದ ಕಾಸು ಹೊರಟಿತು. ಜನರ ಬಾಯಲ್ಲಿ ಅದು ತೂತಿನ ಕಾಸಾಯಿತು. ಹೊರನೋಟಕ್ಕೆ ಎಲ್ಲವೂ ಕೆಂಪಗಿದ್ದರೂ ಗಂಟಿನಲ್ಲಿರುವುದೆಲ್ಲ ಒಂದೇ ಲೋಹವಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಭ್ರಮೆಯೂ ಇದೆ: ಹಳೆಯ ಕಾಸೊಂದು ಲಕ್ಷಗಟ್ಟಲೆ ರೂಪಾಯಿ ತಂದುಕೊಡುತ್ತದೆ ಎಂಬುದು. ಈ ಆಸೆಯನ್ನು ಬಳಸಿಕೊಂಡು ತನ್ನ ಹೆಸರಿನಲ್ಲಿ ಶುಲ್ಕ ವಸೂಲು ಮಾಡುವವರ ವಿಷಯದಲ್ಲಿ ಎಚ್ಚರದಿಂದಿರುವಂತೆ ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಲಕ್ಷಗಟ್ಟಲೆ ಅಚ್ಚಾದ ಕಾಲಾಣೆ ಅಪರೂಪದ ವಸ್ತುವಲ್ಲ. ಹಾಗಾದರೆ ಆ ಗಂಟಿನ ಬೆಲೆ ಎಲ್ಲಿದೆ?

ಗಂಟನ್ನು ಬಿಚ್ಚಿ ಓದಿದರೆ ಉತ್ತರ ಕಾಣತೊಡಗುತ್ತದೆ. 17ನೆಯ ಶತಮಾನದ ಕೊನೆಯಲ್ಲಿ ಮೊಗಲರಿಂದ ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರ ವಶಕ್ಕೆ ಬಂದ ಬೆಂಗಳೂರು ಸೀಮೆ, ಮುಂದೆ ಹೈದರ್ ಮತ್ತು ಟಿಪ್ಪುವಿನ ಆಡಳಿತವನ್ನು ಕಂಡಿತು. 1799ರ ಅನಂತರ ಮುಮ್ಮಡಿ ಕೃಷ್ಣರಾಜ ಒಡೆಯರ, 1831ರಿಂದ ಬ್ರಿಟಿಷ್ ಕಮಿಷನರರ ಆಳ್ವಿಕೆಯನ್ನು ಕಂಡಿತು. ಈ ಪ್ರತಿಯೊಂದು ಪದರವೂ ಈ ಸೀಮೆಯ ತಾಮ್ರದಲ್ಲಿ ತನ್ನ ಗುರುತನ್ನು ಬಿಟ್ಟಿದೆ. ಮೈಸೂರಿನ ಹಳೆಯ ಕಾಸುಗಳ ಒಂದು ಬದಿಯಲ್ಲಿ ಅಡ್ಡಗೆರೆಗಳ ಜಾಲ, ಇನ್ನೊಂದು ಬದಿಯಲ್ಲಿ ಕನ್ನಡದ ಅಂಕೆ. ಕನ್ನಡ ಅಂಕೆಗಳ ರೂಪವಿಕಾಸವನ್ನು ಅರಿಯುವವರಿಗೆ ಅವು ಲಿಪಿಶಾಸ್ತ್ರದ ಆಕರಗಳು. ಟಿಪ್ಪುವಿನ ಪೈಸೆಗಳಲ್ಲಿ ಆನೆಯಿದೆ. ಪರ್ಷಿಯನ್ ಲಿಪಿಯಲ್ಲಿ ಪಟ್ಟಣ, ನಗರ, ಬೆಂಗಳೂರು ಮೊದಲಾದ ಟಂಕಸಾಲೆಗಳ ಹೆಸರುಗಳಿವೆ. ಪೈಸೆಗೆ ಜೊಹ್ರಾ, ಅರೆಪೈಸೆಗೆ ಬಹ್ರಾಮ್, ಕಾಲುಪೈಸೆಗೆ ಅಖ್ತರ್, ಅದರ ಅರ್ಧಕ್ಕೆ ಕುತ್ಬ್ ಎಂದು ಅವನು ಇರಿಸಿದ ಹೆಸರುಗಳು ಶುಕ್ರ, ಮಂಗಳ, ನಕ್ಷತ್ರ, ಧ್ರುವಗಳವು. ಮುಮ್ಮಡಿಯವರ ‘ಮಯಿಲಿ ಕಾಸು’ಗಳಲ್ಲಿ ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಒಂದೇ ಬಿಲ್ಲೆಯ ಮೇಲೆ ಕೂಡಿವೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಒಂದೇ ಮನೆಯ ಗಂಟಿನಲ್ಲಿ ಇವುಗಳಲ್ಲಿ ಯಾವುವು ಒಟ್ಟಿಗೆ ಇವೆ ಎಂಬುದು, ಅರಸು ಬದಲಾದರೂ ಹಳೆಯ ಕಾಸು ಸಂತೆಯಲ್ಲಿ ಎಷ್ಟು ಕಾಲ ಓಡಾಡಿತು ಎಂಬುದರ ಸಾಕ್ಷ್ಯ. ಗಂಟು ಚದುರಿದೊಡನೆ ಆ ಸಾಕ್ಷ್ಯ ನಾಶವಾಗುತ್ತದೆ.

ಭಾಷೆಯೂ ಈ ಲೋಹದ ನೆನಪನ್ನು ಉಳಿಸಿಕೊಂಡಿದೆ. ಇಂದು ಹಣಕ್ಕೆಲ್ಲ ಸಾಮಾನ್ಯ ಹೆಸರಾಗಿರುವ ‘ದುಡ್ಡು’ ಒಮ್ಮೆ ತಾಮ್ರದ ನಾಣ್ಯವೊಂದರ ಹೆಸರು. ‘ಹಣ’ವಾದರೋ ಚಿನ್ನದ ಕಿರುನಾಣ್ಯ. ಚಿನ್ನ ಅರಮನೆ ಮತ್ತು ದೇಗುಲಗಳ ಲೆಕ್ಕಕ್ಕೆ ಸಂದರೆ, ಸೊಪ್ಪು, ಉಪ್ಪು, ಎಲೆಯಡಿಕೆಗಳ ವ್ಯಾಪಾರಕ್ಕೆ ಸಂದದ್ದು ತಾಮ್ರ. ಶಾಸನಗಳಲ್ಲಿ ‘ಕಮ್ಮಟ’ವೆಂದರೆ ನಾಣ್ಯ ಅಚ್ಚುಹಾಕುವ ಸ್ಥಳ. ಕಾವ್ಯ ಕಮ್ಮಟ, ಕಥಾ ಕಮ್ಮಟಗಳಿಗೆ ಹೋಗುವ ಇಂದಿನ ಸಾಹಿತ್ಯ ವಿದ್ಯಾರ್ಥಿಗಳು ಆ ಅಚ್ಚಿನ ಮನೆಯ ಹೆಸರನ್ನೇ ಉಚ್ಚರಿಸುತ್ತಿದ್ದಾರೆ. ಅತ್ತಿಮಬ್ಬೆ ಬಸದಿ ಕಟ್ಟಿಸಿದ ಲೊಕ್ಕಿಗುಂಡಿಯ ಹೆಸರನ್ನೇ ಶಾಸನಗಳಲ್ಲಿ ಬರುವ ‘ಲೊಕ್ಕಿ ಗದ್ಯಾಣ’ ಹೊತ್ತಿದೆ.

ಲೋಹದ ಬೆಲೆಗೂ ಚರಿತ್ರೆಯ ಬೆಲೆಗೂ ಸಂಬಂಧವಿಲ್ಲವೆಂಬುದಕ್ಕೆ ಚಿತ್ರದುರ್ಗದ ಚಂದ್ರವಳ್ಳಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಎಂ. ಎಚ್. ಕೃಷ್ಣ ಅವರು, ಅನಂತರ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಉತ್ಖನನ ನಡೆಸಿದ ಆ ನೆಲ ಶಾತವಾಹನ ಕಾಲದ ನಾಣ್ಯಗಳಿಗೆ ಹೆಸರಾದದ್ದು. ಆ ಸೀಮೆಯಲ್ಲಿ ದೊರೆತ, ಸದಕನ ಕಳಲಾಯ ಮಹಾರಠಿಯ ಹೆಸರು ಹೊತ್ತ ನಾಣ್ಯಗಳು ಸೀಸದವು. ತಕ್ಕಡಿಯಲ್ಲಿ ಸೀಸ ತಾಮ್ರಕ್ಕಿಂತಲೂ ಅಗ್ಗ. ಆದರೆ ಆ ಮಹಾರಠಿಯನ್ನು ಚರಿತ್ರೆಗೆ ಪರಿಚಯಿಸಿದ್ದು ಆ ಅಗ್ಗದ ಲೋಹದ ಮೇಲಿನ ಬ್ರಾಹ್ಮೀ ಅಕ್ಷರಗಳು.

ಹಾಗೆಂದು ನಾಣ್ಯವನ್ನು ಲೋಹವಾಗಿ ನೋಡುವುದೇ ಅಪರಾಧವಲ್ಲ. ಅದನ್ನು ವೃತ್ತಿಯಾಗಿ ಮಾಡಿದ ಜೈನ ಶ್ರಾವಕನೊಬ್ಬ ನಾಣ್ಯಚರಿತ್ರೆಗೆ ಮಹದುಪಕಾರ ಮಾಡಿದ್ದಾನೆ. ದೆಹಲಿಯ ಖಲ್ಜಿ ಸುಲ್ತಾನರ ಸೇವೆಯಲ್ಲಿದ್ದ ಠಕ್ಕುರ ಫೇರು 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ಗಾಹೆಗಳಲ್ಲಿ ರಚಿಸಿದನು. ಭಂಡಾರಕ್ಕೆ ಬರುವ ನಾನಾ ದೇಶಗಳ ನಾಣ್ಯಗಳಲ್ಲಿ ಬೆಳ್ಳಿಯೆಷ್ಟು, ತಾಮ್ರವೆಷ್ಟು, ತೂಕವೆಷ್ಟು, ವಿನಿಮಯದಲ್ಲಿ ಅವುಗಳ ಬೆಲೆಯೆಷ್ಟು ಎಂಬುದೇ ಅದರ ವಸ್ತು. ಗುಜರಾತ್, ಮಾಳವ ಮೊದಲಾದ ಪ್ರದೇಶಗಳ ನೂರಾರು ಬಗೆಯ ನಾಣ್ಯಗಳನ್ನು ಅವನು ಹೆಸರಿಸಿ ವಿವರಿಸಿದನು. ನಾಹಟಾ ಮನೆತನದ ಅಗರಚಂದ ಮತ್ತು ಭಂವರಲಾಲರು ಕಲ್ಕತ್ತೆಯ ಭಂಡಾರದಲ್ಲಿ ಫೇರುವಿನ ಕೃತಿಗಳ ಹಸ್ತಪ್ರತಿಯನ್ನು ಬೆಳಕಿಗೆ ತಂದರು. 1961ರಲ್ಲಿ ಅವು ಜೋಧಪುರದಿಂದ ಅಚ್ಚಾದವು. ಕುಲುಮೆಗೆ ಹೋಗಬೇಕಾದ ನಾಣ್ಯಗಳ ಬೆಲೆಕಟ್ಟಲು ಬರೆದ ಕೈಪಿಡಿ ಇಂದು ಆ ನಾಣ್ಯಗಳ ಹೆಸರು ಮತ್ತು ಬೆರಕೆಯನ್ನು ತಿಳಿಯಲು ಸಂಶೋಧಕರಿಗಿರುವ ಆಧಾರ. ಫೇರುವಿಗೂ ಗುಜರಿಯ ತಕ್ಕಡಿಗೂ ಇರುವ ಅಂತರ ಇಷ್ಟೇ: ಅವನು ತೂಗಿದ್ದನ್ನು ಬರೆದಿಟ್ಟನು.

ಜೈನ ಶ್ರಾವಕಾಚಾರದಲ್ಲಿ ಅಸ್ತೇಯವ್ರತದ ಅತಿಚಾರಗಳಾಗಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರಗಳು ಎಣಿಕೆಯಾಗಿವೆ. ಸುಳ್ಳು ತೂಕವೂ ಖೋಟಾ ವಸ್ತುವೂ ಕಳವಿಗೆ ಸಮ ಎಂಬ ಈ ದೃಷ್ಟಿಯ ಹಿನ್ನೆಲೆಯಲ್ಲಿ ಫೇರುವಿನ ನಿಷ್ಕೃಷ್ಟತೆಯನ್ನು ಓದಬಹುದು. ತೂಕವನ್ನು ಸತ್ಯವಾಗಿ ಹೇಳುವುದು ಅಲ್ಲಿ ಧರ್ಮದ ಭಾಗ.

ಇಂದಿನ ಕಾನೂನೂ ಈ ವಸ್ತುಗಳನ್ನು ಬರಿಯ ಲೋಹವೆಂದು ಕಾಣುವುದಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾಯ್ದೆಯಾಗಿದೆ. ಚಲಾವಣೆಯಲ್ಲಿರುವ ನಾಣ್ಯವನ್ನು ಕರಗಿಸುವುದನ್ನು 2011ರ ನಾಣ್ಯ ಕಾಯ್ದೆ ನಿಷೇಧಿಸುತ್ತದೆ. ಆದರೆ ಮನೆಯ ಮೂಲೆಯಲ್ಲಿ ದೊರೆತ ಕಾಸಿನ ಗಂಟನ್ನು ಕಾಯುವವರು ಮನೆಯವರೇ.

ಕಾಯುವುದು ಕಷ್ಟದ ಕೆಲಸವೇನಲ್ಲ. ಹುಣಿಸೆಹಣ್ಣು ಹಚ್ಚಿ ತಿಕ್ಕದಿರುವುದು ಮೊದಲ ಕರ್ತವ್ಯ. ಹೊಳಪಿನ ಜೊತೆಗೆ ಅಕ್ಷರವೂ ಸವೆಯುತ್ತದೆ. ಗಂಟನ್ನು ಒಡೆಯದೆ, ಪ್ರತಿ ಕಾಸಿನ ಎರಡೂ ಬದಿಯ ಚಿತ್ರ ತೆಗೆದು, ತೂಕ ಮತ್ತು ವ್ಯಾಸವನ್ನು ಗುರುತಿಸಿ, ಯಾವ ಊರಿನ ಯಾವ ಮನೆಯಲ್ಲಿ, ಯಾವ ಪಾತ್ರೆಯಲ್ಲಿ ದೊರೆಯಿತೆಂದು ಬರೆದಿಟ್ಟರೆ ಅದು ಆಕರವಾಗುತ್ತದೆ. ಹುಳಿಮಾವಿನ ನೆರೆಯ ಬೇಗೂರಿನಲ್ಲಿ ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ ಒಂಬತ್ತನೆಯ ಶತಮಾನದ ವೀರಗಲ್ಲು ಉಳಿದಿದೆ. ಆ ಕಲ್ಲನ್ನು ಕರಗಿಸಿ ಮಾರುವಂತಿರಲಿಲ್ಲ. ತಾಮ್ರಕ್ಕೆ ಆ ರಕ್ಷಣೆಯಿಲ್ಲ. ಮರುಬಳಕೆಗೆ ಒದಗುವ ಅದರ ಗುಣವೇ ಅದರ ಮೇಲಿನ ಬರಹಕ್ಕೆ ಮೃತ್ಯು. ಲೋಹಕ್ಕಾಗಿ ಕೂಡಿಟ್ಟ ತಾಮ್ರದ ಕಾಸು ಕೂಡಿಟ್ಟವರಿಗೆ ಕೊಡುವುದು ಕಾಸಿಗೆ ಆರೇಳು ರೂಪಾಯಿ. ಓದಿ, ಬರೆದು, ಒಟ್ಟಾಗಿ ಉಳಿಸಿದ ಗಂಟು ಒಂದು ಊರಿನ ಸಂತೆಯ ನೂರೈವತ್ತು ವರ್ಷಗಳ ಲೆಕ್ಕವನ್ನು ಒಪ್ಪಿಸಬಲ್ಲದು.