ಕೋಸಿ ಒಪ್ಪಂದ
ನೇಪಾಳದಿಂದ ಬಿಹಾರಕ್ಕಿಳಿಯುವ ಕೋಸಿ ನದಿಯ ಪ್ರವಾಹ ತಡೆಯಲು ಭಾರತ ಮತ್ತು ನೇಪಾಳ 1954ರ ಏಪ್ರಿಲ್ 25ರಂದು ಮಾಡಿಕೊಂಡ ಒಪ್ಪಂದ, 1966ರಲ್ಲಿ ಪರಿಷ್ಕೃತವಾಯಿತು. ಗಡಿಯಂಚಿನ 56 ಗೇಟುಗಳ ಬ್ಯಾರೇಜು, ನದಿಯ ಇಕ್ಕೆಲಗಳ ಒಡ್ಡುಗಳು ಇದರ ಫಲ. ನೆಲ ನೇಪಾಳದ್ದು, ನಿರ್ವಹಣೆಯ ಹೊಣೆ ಭಾರತದ್ದು. ತೊಡಕೆಲ್ಲ ಇಲ್ಲಿಯೇ ಇದೆ. 2008ರ ಆಗಸ್ಟ್ 18ರಂದು ಬ್ಯಾರೇಜಿನ ಮೇಲ್ಭಾಗದ ಕುಸಹಾದಲ್ಲಿ ಒಡ್ಡು ಒಡೆದು ಲಕ್ಷಾಂತರ ಜನ ಮನೆಮಠ ಕಳೆದುಕೊಂಡರು. ಅಂದು ಹರಿಯುತ್ತಿದ್ದ ನೀರು ಬ್ಯಾರೇಜಿನ 9.5 ಲಕ್ಷ ಕ್ಯುಸೆಕ್ ಸಾಮರ್ಥ್ಯದ ಕಾಲುಭಾಗವೂ ಇರಲಿಲ್ಲ. ಹಾಗಾಗಿ ಮಳೆಯನ್ನು ದೂರುವಂತಿಲ್ಲ. ಹೂಳು ತುಂಬಿ ಮೇಲೆದ್ದ ನದಿಪಾತ್ರ ಮತ್ತು ಸಕಾಲದಲ್ಲಿ ಆಗದ ದುರಸ್ತಿಯತ್ತ ನೋಡಬೇಕು. ಹಿಮಾಲಯದ ಕಣಿವೆಯಲ್ಲಿ ಎತ್ತರದ ಅಣೆಕಟ್ಟು ಕಟ್ಟಿದರೆ ಸಮಸ್ಯೆ ತೀರುತ್ತದೆ ಎನ್ನುವವರಿದ್ದಾರೆ. ನೀರು ಹಿಡಿದಿಡುವ ಮಟ್ಟಿಗೆ ಆ ಮಾತು ಸರಿ. ಆದರೆ ಆ ಜಲಾಶಯಕ್ಕೂ ಇದೇ ಹೂಳು ಬರುತ್ತದೆ, ಒಡ್ಡು ಕಾಯುವ ಕೆಲಸವೂ ತಪ್ಪುವುದಿಲ್ಲ.