ಮೊದಲು ಸೋಲಬೇಕಾದ ಪಾಠ



2021ರ ಆಗಸ್ಟ್ 7ರ ಶನಿವಾರ ನಿಮಗೆ ನೆನಪಿರಬಹುದು. ಗಾಲ್ಫ್ ಎಂದರೆ ಸಾಹುಕಾರರ ವಾಕಿಂಗ್ ಎಂದು ನಗುತ್ತಿದ್ದ ನಮ್ಮಂಥವರೂ ಅಂದು ಬೆಳ್ಳಂಬೆಳಗ್ಗೆ ಎದ್ದು ಟಿವಿ ಮುಂದೆ ಕೂತಿದ್ದೆವು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ಪುಣೆಯಲ್ಲಿರುವ ನನ್ನ ಗೆಳೆಯನೊಬ್ಬನಿಗೆ ಅಂದು ಹಿಡಿದ ಗಾಲ್ಫ್ ಹುಚ್ಚು ಇನ್ನೂ ಬಿಟ್ಟಿಲ್ಲ.

ಅವನ ಕಷ್ಟ ಇಷ್ಟೇ. ಎಷ್ಟೇ ನೇರವಾಗಿ ಹೊಡೆದೆ ಅಂದುಕೊಂಡರೂ ಚೆಂಡು ಬಾಳೆಹಣ್ಣಿನ ಹಾಗೆ ಬಾಗಿ ಬಲಕ್ಕೆ ಹೋಗುತ್ತದೆ. ಇದಕ್ಕೆ ಸ್ಲೈಸ್ ಎನ್ನುತ್ತಾರೆ. ಚೆಂಡಿಗೆ ತಾಗುವ ಗಳಿಗೆಯಲ್ಲಿ ಕ್ಲಬ್ಬಿನ (ಇಲ್ಲಿ ಕ್ಲಬ್ ಎಂದರೆ ಸಂಘವಲ್ಲ, ಹೊಡೆಯುವ ಕೋಲು) ಮುಖವು ಅದು ಬೀಸಿ ಬರುವ ದಾರಿಗಿಂತ ಬಲಕ್ಕೆ ತೆರೆದುಕೊಂಡಿರುವುದೇ ಕಾರಣ. ಮೊದಲ ಮೇಷ್ಟ್ರು "ಸ್ವಲ್ಪ ಎಡಕ್ಕೆ ಗುರಿಯಿಡಿ" ಎಂದರು. ಎರಡು ವಾರ ಸ್ವರ್ಗ! ಆಮೇಲೆ ಎಡಕ್ಕೆ ತಿರುಗಿ ನಿಂತಷ್ಟೂ ಬೀಸು ಇನ್ನಷ್ಟು ಎಡಕ್ಕೆ ಎಳೆದು, ಚೆಂಡು ಮೊದಲಿಗಿಂತ ಜಾಸ್ತಿ ಬಾಗತೊಡಗಿತು. ಎರಡನೆಯ ಮೇಷ್ಟ್ರು "ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಬೇಕು, ಆರು ತಿಂಗಳು ಸ್ಕೋರ್ ಮಾತೆತ್ತಬೇಡಿ" ಎಂದರಂತೆ. "ಏನು ಮಾಡಲಿ ಮಾರಾಯ?" ಎಂದು ಫೋನ್ ಮಾಡಿದ. ನನಗೆ ಗಾಲ್ಫ್ ಆಡಲು ಬರದು, ಅದರ ಚರಿತ್ರೆ ಓದುವ ಚಟವಷ್ಟೇ ಉಂಟು. ಸಲಹೆಯ ಬದಲು ಕಥೆ ಹೇಳಿದೆ.

ತೇಪೆ ಹಾಕುವ ಆಸೆ ಗೆಳೆಯನಿಗೊಬ್ಬನಿಗೇ ಬಂದದ್ದಲ್ಲ. ಅಮೆರಿಕದ ಬೆನ್ ಹೋಗನ್ 1953ರಲ್ಲಿ ಒಂದೇ ವರ್ಷ ಮೂರು ದೊಡ್ಡ ಪಂದ್ಯಾವಳಿ ಗೆದ್ದಾಗ, ಈತನ ಹತ್ತಿರ ಏನೋ ಗುಟ್ಟಿದೆ ಎಂದು ಊರೆಲ್ಲ ಮಾತಾಡಿಕೊಂಡಿತು. 1955ರಲ್ಲಿ 'ಲೈಫ್' ಪತ್ರಿಕೆ ಆ ಗುಟ್ಟನ್ನು ದುಡ್ಡು ಕೊಟ್ಟು ಪಡೆದು ಪ್ರಕಟಿಸಿತು. ಎಡಗೈ ಹಿಡಿತವನ್ನು ಕೊಂಚ ಸರಿಸುವುದು, ಕ್ಲಬ್ ಮೇಲೆತ್ತಿದಾಗ ಎಡ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸುವುದು. ಅಷ್ಟೇ! ತಮಾಷೆ ನೋಡಿ, ಹೋಗನ್‌ನ ಕಾಯಿಲೆ ಹುಕ್, ಅಂದರೆ ಚೆಂಡು ಎಡಕ್ಕೆ ಸುತ್ತುವುದು. ಅದಕ್ಕಾಗಿ ಆತ ಕ್ಲಬ್ಬಿನ ಮುಖ ತೆರೆದಿಡುವ ಉಪಾಯ ಹುಡುಕಿದ್ದ. ಸಾಮಾನ್ಯ ಆಟಗಾರನ ಕಾಯಿಲೆ ಇದರ ತದ್ವಿರುದ್ಧ. ಅವನು ಈ ಗುಟ್ಟನ್ನು ಪಾಲಿಸಿದರೆ ಸ್ಲೈಸ್ ಇನ್ನೂ ಕೆಡುತ್ತದೆ. ಬೇರೆಯವರ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಮಾತ್ರೆ ತಂದ ಹಾಗೆ. ಹೋಗನ್ ವರ್ಷಗಟ್ಟಲೆ ಮೈದಾನದಲ್ಲಿ ಒಬ್ಬನೇ ಹೊಡೆದ ಚೆಂಡುಗಳನ್ನು ಮಾತ್ರ ಯಾವ ಪತ್ರಿಕೆಯೂ ಕೊಳ್ಳುವ ಹಾಗಿರಲಿಲ್ಲ.

ಇರಲಿ. ನಾನು ಹೇಳಹೊರಟದ್ದು ಇಂಗ್ಲೆಂಡಿನ ನಿಕ್ ಫಾಲ್ಡೊ ಕಥೆ.

1957ರಲ್ಲಿ ಹುಟ್ಟಿದ ಫಾಲ್ಡೊ 20ನೇ ವಯಸ್ಸಿಗೇ ರೈಡರ್ ಕಪ್ ಆಡಿದವನು. 1983ರಲ್ಲಿ ಯುರೋಪಿನ ಐದು ಪಂದ್ಯಾವಳಿ ಗೆದ್ದು ಆ ವರ್ಷದ ಗಳಿಕೆಯ ಪಟ್ಟಿಯಲ್ಲಿ ಮೊದಲಿಗನಾದ. ಎತ್ತರದ ಆಳು, ನೋಡಲು ಚೆಂದದ ಬೀಸು. ಇಂಥವನಿಗೆ ಪಾಠ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಬೇಕು. ಆದರೆ ಕೊರತೆ ಏನೆಂದು ಅವನಿಗೇ ಗೊತ್ತಿತ್ತು. 1983ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಮುಂದಿದ್ದವನು ಜಾರಿಬಿದ್ದ. 1984ರ ಮಾಸ್ಟರ್ಸ್‌ನಲ್ಲೂ ಕೊನೆಯ ದಿನವೇ ಕುಸಿದ. ಅಲ್ಲಿನ ಪತ್ರಿಕೆಗಳು 'ಫೋಲ್ಡೊ' ಎಂದು ಹೆಸರಿಟ್ಟು ಆಡಿಕೊಂಡವು. ಮಡಚಿಕೊಂಡು ಬೀಳುವವನು ಎಂಬ ಕುಹಕ ಅದು. ಜನ ಅದನ್ನು ಎದೆಗಾರಿಕೆಯ ಕೊರತೆ ಎಂದರು. ಫಾಲ್ಡೊ ಬೀಸಿನ ಕೊರತೆ ಎಂದ. ಕಾಲಿನ ನೂಕು ಜಾಸ್ತಿ, ತೀರ ನೆಟ್ಟಗಿನ ಬೀಸು, ಚೆಂಡು ಮೇಲೆ ಹಾರಿ ಗಾಳಿಗೆ ಸಿಕ್ಕುತ್ತಿತ್ತು. ಕೈಯ ಅಂದಾಜು ಸರಿಯಿದ್ದ ದಿನ ಎಲ್ಲ ಸರಿ. ಒತ್ತಡ ಬಿದ್ದ ದಿನ ಅಂದಾಜೇ ತಪ್ಪುತ್ತಿತ್ತು.

1985ರ ಮೇ ತಿಂಗಳಲ್ಲಿ, ಅಮೆರಿಕದ ಒಹಾಯೋದಲ್ಲಿ, ಫಾಲ್ಡೊ ಡೇವಿಡ್ ಲೆಡ್‌ಬೆಟರ್ ಎಂಬ ತರಬೇತುದಾರನ ಮುಂದೆ ನಿಂತ. ಲೆಡ್‌ಬೆಟರ್ ಇಂಗ್ಲೆಂಡಿನಲ್ಲಿ ಹುಟ್ಟಿ ಈಗಿನ ಜಿಂಬಾಬ್ವೆಯಲ್ಲಿ ಬೆಳೆದವನು, ಆಗಿನ್ನೂ ಅಷ್ಟೇನೂ ಹೆಸರಿರಲಿಲ್ಲ. ಏನನ್ನೂ ಬಚ್ಚಿಡಬೇಡ, ಗೊತ್ತಿರುವುದನ್ನೆಲ್ಲ ಹೇಳು ಎಂದು ಫಾಲ್ಡೊ ಕೇಳಿದ. ಎರಡು ವರ್ಷ ಹಿಡಿಯಬಹುದು ಎಂಬ ಉತ್ತರ ಬಂತು. ಆಮೇಲೆ ಒಂದೊಂದೇ ಬದಲಾವಣೆ: ಮಣಿಕಟ್ಟು ಬೇಗ ಬಾಗಬೇಕು, ಮುಂಗೈ ತಿರುಗಬೇಕು, ಕಾಲು ಸುಮ್ಮನಿರಬೇಕು, ಸೊಂಟದ ಮೇಲಿನ ಮೈ ತಿರುಗಿ ಕೈಯನ್ನು ಎಳೆದುಕೊಂಡು ಬರಬೇಕು. ಓದಲು ಸುಲಭ. ಆದರೆ ಸಾವಿರಾರು ಸಲ ಮಾಡಿ ರೂಢಿಯಾದದ್ದನ್ನು ಮೈ ಅಷ್ಟು ಸುಲಭವಾಗಿ ಬಿಡುತ್ತದೆಯೇ? ದಿನಕ್ಕೆ ನೂರಾರು ಚೆಂಡು ಹೊಡೆಯುವುದು ಅವನ ಕಾಯಕವಾಯಿತು.

ಕಷ್ಟ ಇದ್ದದ್ದು ಚೆಂಡು ಹೊಡೆಯುವುದರಲ್ಲಿ ಅಲ್ಲ ಅನ್ನಿಸುತ್ತದೆ ನನಗೆ. ಉಳಿದವರು ಮುಂದೆ ಹೋಗುವುದನ್ನು ನೋಡುತ್ತ ನಿಲ್ಲುವುದರಲ್ಲಿ. ಅವನು ಬೀಸು ಬಿಚ್ಚಿಟ್ಟ ಎರಡೇ ತಿಂಗಳಿಗೆ, 1985ರ ಜುಲೈಯಲ್ಲಿ, ಅವನ ಸರೀಕ ಸ್ಯಾಂಡಿ ಲೈಲ್ ಬ್ರಿಟಿಷ್ ಓಪನ್ ಗೆದ್ದ. ಸೆಪ್ಟೆಂಬರ್‌ನಲ್ಲಿ ಯುರೋಪ್ ತಂಡ ರೈಡರ್ ಕಪ್ ಗೆದ್ದು ಅಮೆರಿಕದ 28 ವರ್ಷಗಳ ಹಿಡಿತ ಮುರಿಯಿತು. ಆ ಸಂಭ್ರಮದ ತಂಡದಲ್ಲಿ ಫಾಲ್ಡೊ ಇದ್ದ, ಆಡಿದ ಎರಡೂ ಆಟ ಸೋತಿದ್ದ. 1984ರ ಬಳಿಕ ಅವನಿಗೆ ಗೆಲುವೇ ಇಲ್ಲ. ನಡುವೆ ಹಳೆಯ ಬೀಸಿಗೆ ಮರಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಹಳೆಯದು ಅರ್ಧ ಹೋಗಿತ್ತು, ಹೊಸದು ಅರ್ಧ ಬಂದಿತ್ತು.

1987ರ ಏಪ್ರಿಲ್‌ನಲ್ಲಿ ಅವನಿಗೆ ಮಾಸ್ಟರ್ಸ್‌ಗೆ ಕರೆಯೇ ಬರಲಿಲ್ಲ. ಅದೇ ವಾರ ಮಿಸಿಸಿಪ್ಪಿಯ ಹ್ಯಾಟೀಸ್‌ಬರ್ಗ್ ಎಂಬ ಊರಿನ ಚಿಕ್ಕ ಪಂದ್ಯಾವಳಿಯಲ್ಲಿ ಆಡಿದ. ಜಗತ್ತಿನ ಕಣ್ಣೆಲ್ಲ ಬೇರೆ ಕಡೆ ಇದ್ದಾಗ ನಾಲ್ಕು ದಿನ ನಾಲ್ಕು ಸಲ 67 ಹೊಡೆದು ಎರಡನೆಯವನಾದ. ಮೇ ತಿಂಗಳಲ್ಲಿ ಸ್ಪ್ಯಾನಿಷ್ ಓಪನ್ ಗೆದ್ದ.

ಜುಲೈ 19, ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್, ಬ್ರಿಟಿಷ್ ಓಪನ್‌ನ ಕೊನೆಯ ದಿನ. ಹಿಂದಿನ ದಿನವಷ್ಟೇ ಫಾಲ್ಡೊಗೆ 30 ತುಂಬಿತ್ತು. ಮಂಜು, ಚಳಿ. ಅಮೆರಿಕದ ಪಾಲ್ ಏಜಿಂಜರ್ ಒಂಬತ್ತು ಗುಳಿ ಮುಗಿದಾಗ ಮೂರು ಹೊಡೆತ ಮುಂದಿದ್ದ. ಫಾಲ್ಡೊ ಮಾತ್ರ ಪ್ರತಿ ಗುಳಿಗೂ ಪಾರ್ ಹೊಡೆಯುತ್ತ ಹೋದ. ಪಾರ್ ಎಂದರೆ ಆ ಗುಳಿಗೆ ನಿಗದಿಯಾದ ಹೊಡೆತ, ಒಂದು ಹೆಚ್ಚಲ್ಲ, ಒಂದು ಕಮ್ಮಿಯಲ್ಲ. ಹದಿನೆಂಟಕ್ಕೆ ಹದಿನೆಂಟೂ ಪಾರ್! ಏಜಿಂಜರ್ ಕೊನೆಯ ಎರಡು ಗುಳಿಗಳಲ್ಲಿ ತಲಾ ಒಂದು ಹೊಡೆತ ಕಳೆದುಕೊಂಡ. ಒಂದೇ ಹೊಡೆತದ ಅಂತರದಲ್ಲಿ ಓಪನ್ 'ಫೋಲ್ಡೊ'ನದಾಯಿತು. ಇಷ್ಟು ಬೇಸರದ ಆಟವೇ ಎಂದು ಕೆಲವರು ಮೂಗು ಮುರಿದರು. ಒತ್ತಡದಲ್ಲಿ ತಪ್ಪದ ಬೀಸಿಗಾಗಿ ಎರಡು ವರ್ಷ ಕೊಟ್ಟವನಿಗೆ ಆ ಬೇಸರವೇ ಬೇಕಾಗಿತ್ತಲ್ಲ! ಮುಂದೆ 1990 ಮತ್ತು 1992ರ ಓಪನ್, 1989, 1990 ಮತ್ತು 1996ರ ಮಾಸ್ಟರ್ಸ್ ಅವನ ಪಾಲಾದವು.

ಟೈಗರ್ ವುಡ್ಸ್ ಕೂಡ ಇದೇ ದಾರಿ ಹಿಡಿದ. 1997ರಲ್ಲಿ ಮಾಸ್ಟರ್ಸ್ 12 ಹೊಡೆತಗಳಿಂದ ಗೆದ್ದವನು ತನ್ನ ಬೀಸು ಸಾಲದೆಂದು ಬುಚ್ ಹಾರ್ಮನ್ ಜತೆ ಬದಲಿಸಹೊರಟ. 1998ರಲ್ಲಿ ಅಮೆರಿಕದ ಟೂರ್‌ನಲ್ಲಿ ಒಂದೇ ಗೆಲುವು, 2000ದಲ್ಲಿ ಒಂಬತ್ತು.

ಗೆಳೆಯನಿಗೆ ಇಲ್ಲಿಗೇ ನಿಲ್ಲಿಸಿದ್ದರೆ ಅನ್ಯಾಯವಾಗುತ್ತಿತ್ತು. ಆಸ್ಟ್ರೇಲಿಯಾದ ಇಯಾನ್ ಬೇಕರ್-ಫಿಂಚ್ 1991ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಇನ್ನೂ ದೂರ ಹೊಡೆಯಬೇಕೆಂದು ಬೀಸಿಗೆ ಕೈಹಾಕಿದ, ಅವರಿವರ ಮಾತು ಕೇಳಿದ. 1995ರಲ್ಲಿ ಸೇಂಟ್ ಆಂಡ್ರೂಸ್‌ನ ಮೊದಲ ಗುಳಿಯಲ್ಲಿ, ಅಷ್ಟು ಅಗಲದ ಮೈದಾನದಲ್ಲಿ, ಚೆಂಡನ್ನು ಎಡಗಡೆ ಗಡಿಯಾಚೆಗೆ ಹೊಡೆದ. 1997ರ ಓಪನ್‌ನಲ್ಲಿ ಮೊದಲ ದಿನ 92 ಹೊಡೆದು ಹಿಂದೆ ಸರಿದ. ಅವನೂ ಫಾಲ್ಡೊನಷ್ಟೇ ಬೆವರು ಸುರಿಸಿದ್ದ. ಆದರೆ ಅವನು ಮಾಡಿದ್ದು ಹೊಸ ಬಟ್ಟೆ ಹೊಲಿಯುವುದನ್ನಲ್ಲ, ತೇಪೆಯ ಮೇಲೆ ತೇಪೆ ಹಾಕುವುದನ್ನು ಎಂದು ನನ್ನ ಅನಿಸಿಕೆ. ಫಾಲ್ಡೊಗೆ ತನ್ನ ತಪ್ಪು ಇಂಥದ್ದು ಎಂದು ಗೊತ್ತಿತ್ತು, ಮೇಷ್ಟ್ರು ಒಬ್ಬರೇ ಇದ್ದರು. ಬೇರೆಯವರು ಇದನ್ನು ಬೇರೆ ಥರ ನೋಡಬಹುದು.

ಕಥೆ ಕೇಳಿ ಗೆಳೆಯ ಒಂದು ನಿಮಿಷ ಸುಮ್ಮನಿದ್ದ. "ಅವನಿಗೆ 27, ನನಗೆ 52" ಎಂದ. ನಿಜವೇ. ಹೋದ ವಾರ ಮತ್ತೆ ಫೋನ್ ಬಂದಿತ್ತು. ಎರಡನೆಯ ಮೇಷ್ಟ್ರ ಹತ್ತಿರ ಸೇರಿ ಎರಡು ತಿಂಗಳಾಯಿತಂತೆ. ಇನ್ನೂ ಅರ್ಧ ಬೀಸಷ್ಟೇ, ಪೂರ್ತಿ ಬೀಸಲು ಅಪ್ಪಣೆಯಿಲ್ಲ. ಜತೆಯವರೆಲ್ಲ ಭಾನುವಾರ ಆಡಲು ಹೋದಾಗ ಇವನು ಡ್ರೈವಿಂಗ್ ರೇಂಜಿನ ಮೂಲೆಯಲ್ಲಿ ನಿಂತಿರುತ್ತಾನೆ. ಚೆಂಡು ಈಗಲೂ ಬಲಕ್ಕೇ ಹೋಗುತ್ತಿದೆಯಂತೆ.