ಲಾರಿ ಚಾಲಕರ ದುಡಿಮೆ ಮತ್ತು ವೇತನ: ಮಂಗಳೂರು ಬಂದರು ವಲಯ

ಮಂಗಳೂರು ನಗರದ ದೇರೆಬೈಲಿಗೆ ಹತ್ತಿರದ ಕೊಟ್ಟಾರ ಚೌಕಿಯಿಂದ ಕೂಳೂರು ಸೇತುವೆ ದಾಟಿ ಪಣಂಬೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಕರ್ನಾಟಕದ ಅತಿ ಭಾರದ ಸರಕುದಾರಿಗಳಲ್ಲಿ ಒಂದು. ನವಮಂಗಳೂರು ಬಂದರಿನ ಕಲ್ಲಿದ್ದಲು, ರಸಗೊಬ್ಬರ, ಖಾದ್ಯತೈಲ, ಅಡುಗೆ ಅನಿಲ ಮತ್ತು ಕಂಟೇನರುಗಳು, ಬೈಕಂಪಾಡಿ ಕೈಗಾರಿಕಾ ಪ್ರದೇಶದ ಸರಕು, ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲಾಗಾರದ ಉತ್ಪನ್ನಗಳು ಈ ರಸ್ತೆಯಿಂದಲೇ ಒಳನಾಡಿಗೆ ಹೊರಡುತ್ತವೆ. ಇವನ್ನು ಸಾಗಿಸುವ ಚಾಲಕರು ಕರಾವಳಿಯವರಷ್ಟೇ ಅಲ್ಲ. ಉತ್ತರ ಕರ್ನಾಟಕ, ಕೇರಳ ಮತ್ತು ತಮಿಳುನಾಡಿನಿಂದ, ಅದರಲ್ಲೂ ಟ್ಯಾಂಕರ್ ಉದ್ಯಮಕ್ಕೆ ಹೆಸರಾದ ನಾಮಕ್ಕಲ್‌ನಿಂದ ಬಂದವರು ಅವರಲ್ಲಿ ಬಹಳ ಮಂದಿ ಇದ್ದಾರೆ. ಅವರ ಕೆಲಸದ ವೇಳೆ, ಕೂಲಿಯ ಲೆಕ್ಕ ಮತ್ತು ವಿಶ್ರಾಂತಿಯ ಹಕ್ಕುಗಳನ್ನು ಭಾರತದ ಹಾಗೂ ಯುರೋಪಿನ ಕಾನೂನುಗಳೊಡನೆ ಇಟ್ಟು ನೋಡುವುದು ಈ ಲೇಖನದ ವಿಷಯ. ಇಲ್ಲಿ ಸಮರ್ಥಿಸಿರುವ ನಿಲುವು ಇದು: ಚಾಲಕನ ದಣಿವಿಗೆ ಮೂಲ ಕಾರಣ ಕಾನೂನಿನ ಅಭಾವವಲ್ಲ, ಓಡಿದ ಟ್ರಿಪ್ಪಿಗಷ್ಟೇ ಹಣ ಕೊಟ್ಟು ಕಾದ ಗಂಟೆಗೆ ಏನೂ ಕೊಡದಿರುವ ಪದ್ಧತಿ. ಆ ಪದ್ಧತಿ ಬದಲಾಗುವ ತನಕ ಕೆಲಸದ ವೇಳೆಗೆ ಹಾಕಿದ ಯಾವ ಮಿತಿಯೂ ರಸ್ತೆಯ ಮೇಲೆ ನಿಲ್ಲುವುದಿಲ್ಲ.

ದುಡಿಮೆಯ ಸ್ವರೂಪ

ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಅಲ್ಲಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ನಡುವೆ ಗುಂಡ್ಯದಿಂದ ಮಾರನಹಳ್ಳಿಯವರೆಗೆ ಶಿರಾಡಿ ಘಾಟಿಯ ಏರು. ರಸ್ತೆ ನೆಟ್ಟಗಿದ್ದರೆ ಭಾರದ ಲಾರಿಗೆ ಇದು ಒಂದು ರಾತ್ರಿಯ ದಾರಿ. ಆದರೆ ಚಾಲಕನ ದಿನ ಎಂಜಿನ್ ಚಾಲೂ ಮಾಡಿದಾಗ ಶುರುವಾಗುವುದಿಲ್ಲ. ಲೋಡಿಗಾಗಿ ಸರತಿ, ತೂಕದ ಸೇತುವೆ, ಬಿಲ್ಲು, ಟಾರ್ಪಾಲು ಬಿಗಿಯುವುದು, ಹಗ್ಗ ಕಟ್ಟುವುದು ಎಲ್ಲ ಮುಗಿದ ಮೇಲೆ ಓಟ. ಗಮ್ಯಸ್ಥಾನದಲ್ಲಿ ಲೋಡು ಇಳಿಸಲು ಮತ್ತೊಂದು ಸರತಿ, ಆಮೇಲೆ ರಿಟರ್ನ್ ಲೋಡಿಗಾಗಿ ಬುಕಿಂಗ್ ಆಫೀಸಿನ ಮುಂದೆ ಕಾಯುವುದು. 2015 ಮತ್ತು 2018ರಲ್ಲಿ ಕಾಂಕ್ರೀಟ್ ಕಾಮಗಾರಿಗಾಗಿ ಶಿರಾಡಿ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಲಾಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಭಾರಿ ವಾಹನಗಳಿಗೆ ಮತ್ತೆ ತಡೆ ಬಿತ್ತು. 2024ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲುವಿನಲ್ಲಿ ಮಣ್ಣು ಜಾರಿದಾಗಲೂ ಲಾರಿಗಳು ಸಾಲುಗಟ್ಟಿ ನಿಂತವು. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಇಂಥ ಪ್ರತಿ ತಡೆಯೂ ನೇರ ನಷ್ಟ. ಸುತ್ತುದಾರಿಯ ಗಂಟೆಗಳೂ ಘಾಟಿಯ ಬುಡದಲ್ಲಿ ಕಳೆದ ರಾತ್ರಿಗಳೂ ಅವನ ಸಂಪಾದನೆಗೆ ಸೇರುವುದಿಲ್ಲ. ಕಳೆದುಹೋದ ಹೊತ್ತನ್ನು ಅವನು ರಸ್ತೆ ತೆರೆದ ಮೇಲೆ ನಿದ್ದೆಗೆಟ್ಟು ಓಡಿಸಿಯೇ ತುಂಬಿಕೊಳ್ಳಬೇಕು.

ಕೂಲಿ ಸಾಮಾನ್ಯವಾಗಿ ಎರಡು ಭಾಗಗಳಲ್ಲಿ ಸಿಗುತ್ತದೆ. ಒಂದು ತಿಂಗಳ ಸಂಬಳ, ಅನೇಕ ಕಡೆ ಬಹಳ ಚಿಕ್ಕದು. ಮತ್ತೊಂದು ಟ್ರಿಪ್ಪಿಗೆ ಇಷ್ಟೆಂದು ಕೊಡುವ ಬಾಟಾ. ಊಟ, ಚಹಾ, ಸ್ನಾನ, ದಾರಿಯ ಸಣ್ಣಪುಟ್ಟ ಖರ್ಚು ಬಾಟಾದಲ್ಲೇ ನಡೆಯಬೇಕು. ಕ್ಯಾಬಿನ್ನಿನಲ್ಲೇ ಮಲಗಿ, ಲಾರಿಯ ಪಕ್ಕದಲ್ಲಿ ಸ್ಟೌ ಹಚ್ಚಿ ಅಡುಗೆ ಮಾಡಿ ಉಳಿಸಿದ್ದು ಮನೆಗೆ ಹೋಗುತ್ತದೆ. ಹೀಗಾಗಿ ಚಾಲಕನ ಉಳಿತಾಯವೆಂದರೆ ಬಹಳ ಮಟ್ಟಿಗೆ ಅವನು ಉಣ್ಣದೆ, ವಿಶ್ರಮಿಸದೆ ಬಿಟ್ಟದ್ದರ ಮೊತ್ತ. ಈ ವ್ಯವಸ್ಥೆಗೆ ಕಾನೂನಿನ ಒಂದು ಅಡ್ಡಪರಿಣಾಮವೂ ಇತ್ತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಅಪಘಾತದ ಪರಿಹಾರಕ್ಕೆ ಆಧಾರ ತಿಂಗಳ ವೇತನವಾಗಿತ್ತು. ಪ್ರಯಾಣ ಭತ್ಯೆಯನ್ನೂ ಕೆಲಸದ ಸ್ವಭಾವದಿಂದ ಉಂಟಾಗುವ ವಿಶೇಷ ಖರ್ಚಿಗೆ ಕೊಟ್ಟ ಹಣವನ್ನೂ ಆ ಕಾಯ್ದೆ ವೇತನವೆಂದು ಎಣಿಸುತ್ತಿರಲಿಲ್ಲ. ಬಾಟಾ ಎಂಬುದು ಖರ್ಚಿನ ಹಣ, ವೇತನವಲ್ಲ ಎಂದು ವಾದಿಸಲು ಇದರಿಂದ ದಾರಿಯಾಗುತ್ತಿತ್ತು. ಸಂಪಾದನೆಯ ದೊಡ್ಡ ಪಾಲು ಬಾಟಾ ಆಗಿದ್ದರೆ, ಚಾಲಕ ಸತ್ತಾಗಲೋ ಕೈಕಾಲು ಕಳೆದುಕೊಂಡಾಗಲೋ ಅವನ ಕುಟುಂಬದ ಹಕ್ಕಿನ ಮೇಲೆಯೇ ತಕರಾರು ಏಳುತ್ತಿತ್ತು.

ಭಾರತದ ಕಾನೂನು

ಭಾರತದಲ್ಲಿ ಚಾಲಕರ ವೇಳೆಗೆ ಕಾನೂನಿನ ಮಿತಿ ಹೊಸದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54 ಗಂಟೆಯವರೆಗೆ ದುಡಿಸಬಹುದಿತ್ತು. 5 ಗಂಟೆಯ ಕೆಲಸಕ್ಕೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಅದರಲ್ಲಿದ್ದವು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಇದೇ ಮಿತಿಯನ್ನು ಒಪ್ಪಿಕೊಂಡಿತು. ಓದಲು ಉದಾರವಾದ ಈ ಕಾಯ್ದೆಯಲ್ಲಿ ಎರಡು ಬಿರುಕುಗಳಿದ್ದವು. ಮೊದಲನೆಯದು, ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅದು ತಾನಾಗಿ ಅನ್ವಯಿಸುತ್ತಿತ್ತು. ಭಾರತದ ಲಾರಿಗಳು ಬಹುಪಾಲು ಒಂದೆರಡು ಲಾರಿಯ ಸಣ್ಣ ಮಾಲೀಕರ ಕೈಯಲ್ಲಿರುವಾಗ ದೊಡ್ಡ ಸಂಖ್ಯೆಯ ಚಾಲಕರು ಹೊರಗುಳಿದರು. ಎರಡನೆಯದು ಕಾಯುವಿಕೆಗೆ ಸಂಬಂಧಿಸಿದ್ದು. ಕೆಲಸದ ವೇಳೆಗೆ ಏನೇನು ಸೇರುತ್ತದೆಂದು ಹೇಳುವಾಗ, ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತನ್ನು ಕಾಯ್ದೆ ಹೆಸರಿಸಿದ್ದು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಮಾತ್ರ. ಸರತಿಯಲ್ಲಿ ಗಂಟೆಗಟ್ಟಲೆ ನಿಂತ ಚಾಲಕ ಆ ಹೊತ್ತನ್ನು ದುಡಿಮೆಯೆಂದು ಹೇಳಿಕೊಳ್ಳಲು ಕಾಯ್ದೆಯ ಬೆಂಬಲ ದುರ್ಬಲವಾಗಿತ್ತು.

ಆಮೇಲಿನ ಬದಲಾವಣೆಗಳಲ್ಲಿ ಕೆಲವು ಚಾಲಕನಿಗೆ ನೆರವಾಗಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಯಿತು. ಕರಾವಳಿಯ ಸೆಕೆಯಲ್ಲಿ ಹಗಲು ನಿದ್ದೆ ಮಾಡಬೇಕಾದವರಿಗೆ ಇದು ದೊಡ್ಡ ಮಾತು, ಹಳೆಯ ಲಾರಿಗಳಿಗೆ ಮಾತ್ರ ಅನ್ವಯವಿಲ್ಲ. ಕರ್ನಾಟಕ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಕಾಯ್ದೆ ತಂದು, ಸೆಸ್ಸಿನಿಂದ ಕಲ್ಯಾಣ ನಿಧಿ ಕಟ್ಟಿತು. ಆದರೆ ದುಡಿಮೆಯ ವೇಳೆಯ ವಿಷಯದಲ್ಲಿ ನಡೆ ಹಿಂದಕ್ಕೆ. ರಾಷ್ಟ್ರೀಯ ಪರ್ಮಿಟ್ಟಿನ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಡಲಾಯಿತು. ಅದೇ ವರ್ಷ ಲಾರಿಗಳ ಅನುಮತಿತ ಭಾರವನ್ನು ಹೆಚ್ಚಿಸಲಾಯಿತು, ಮೂರು ಆಕ್ಸೆಲ್ಲಿನ ಲಾರಿಗೆ 25 ಟನ್ನಿನಿಂದ 28.5 ಟನ್ನಿಗೆ. ಭಾರ ಏರಿತು, ಚಾಲಕರ ಸಂಖ್ಯೆ ಅರ್ಧಕ್ಕಿಳಿಯಲು ದಾರಿಯಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 1961ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಮೋಟಾರು ಸಾರಿಗೆ ಸಂಸ್ಥೆಗೆ ಅದು ಅನ್ವಯವಾಗಲು ಬೇಕಾದ ಕಾರ್ಮಿಕರ ಸಂಖ್ಯೆ ಐದರಿಂದ ಹತ್ತಕ್ಕೆ ಏರಿದೆ. ಮೊದಲೇ ಅಗಲವಾಗಿದ್ದ ಬಿರುಕು ಮತ್ತಷ್ಟು ಅಗಲವಾಯಿತು.

ಯುರೋಪಿನ ಅನುಭವ

ಯುರೋಪಿಯನ್ ಒಕ್ಕೂಟದ 2006ರ 561ನೇ ನಿಯಮಾವಳಿಯಂತೆ ದಿನದ ಚಾಲನೆ 9 ಗಂಟೆ, ವಾರದಲ್ಲಿ ಎರಡು ದಿನ 10 ಗಂಟೆ. ವಾರಕ್ಕೆ 56, ಎರಡು ವಾರ ಸೇರಿ 90 ಗಂಟೆ ಮೀರುವಂತಿಲ್ಲ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು, ದಿನಕ್ಕೆ ಸಾಮಾನ್ಯವಾಗಿ 11 ಗಂಟೆ, ವಾರಕ್ಕೆ 45 ಗಂಟೆ ವಿಶ್ರಾಂತಿ. ಈ ವಾರದ ಪೂರ್ಣ ವಿಶ್ರಾಂತಿಯನ್ನು ಕ್ಯಾಬಿನ್ನಿನಲ್ಲಿ ಕಳೆಯುವಂತಿಲ್ಲ. ವಾಹನದಲ್ಲಿರುವ ಟ್ಯಾಕೋಗ್ರಾಫ್ ಯಂತ್ರ ಓಟವನ್ನೂ ಬಿಡುವನ್ನೂ ದಾಖಲಿಸುತ್ತದೆ. ಈ ಗಂಟೆಗಳ ಪಟ್ಟಿಗಿಂತ ಅದರ ಹಿಂದಿನ ಮೂರು ತೀರ್ಮಾನಗಳು ಮುಖ್ಯ. ಮೊದಲನೆಯದಾಗಿ, ನಿಯಮ ವಾಹನದ ತೂಕಕ್ಕೆ ಅಂಟಿಕೊಂಡಿದೆ. 3.5 ಟನ್ನಿಗಿಂತ ಭಾರದ ಸರಕು ವಾಹನವಾದರೆ ಮಾಲೀಕನಿಗೆ ಒಂದು ಲಾರಿ ಇರಲಿ ನೂರು ಇರಲಿ, ಅವನೇ ಓಡಿಸಲಿ, ಮಿತಿ ಒಂದೇ. ಎರಡನೆಯದಾಗಿ, ಓಡಿದ ದೂರ, ತಲುಪಿದ ವೇಗ, ಸಾಗಿಸಿದ ಸರಕಿನ ಪ್ರಮಾಣಕ್ಕೆ ತಕ್ಕಂತೆ ಕೊಡುವ ಹಣ ರಸ್ತೆಯ ಸುರಕ್ಷತೆಗೆ ಕುತ್ತು ತರುವಂತಿದ್ದರೆ ಅದನ್ನು ನಿಯಮಾವಳಿಯ 10ನೇ ವಿಧಿ ನಿಷೇಧಿಸುತ್ತದೆ. ಚಾಲಕ ಮಿತಿ ಮೀರಿದರೆ ಕಂಪನಿಯನ್ನೂ ಹೊಣೆ ಮಾಡುತ್ತದೆ. ಮೂರನೆಯದಾಗಿ, ಲೋಡಿಂಗಿಗೆ ಎಷ್ಟು ಹೊತ್ತು ಕಾಯಬೇಕೆಂದು ಮೊದಲೇ ಗೊತ್ತಿಲ್ಲದಿದ್ದರೆ ಆ ಹೊತ್ತು ದುಡಿಮೆಯೇ ಎಂದು 2002ರ 15ನೇ ನಿರ್ದೇಶನ ಹೇಳುತ್ತದೆ. ಪಣಂಬೂರಿನ ಸರತಿಯಲ್ಲಿ ನಿಂತವನಿಗೆ ಇಲ್ಲದ ಹಕ್ಕು ಇದೇ.

ಹಾಗೆಂದು ಯುರೋಪು ಚಾಲಕರ ಸ್ವರ್ಗವಲ್ಲ. 2025ರ ಜನವರಿಯಲ್ಲಿ ಬಲ್ಗೇರಿಯಾದ ಕನಿಷ್ಠ ವೇತನ ತಿಂಗಳಿಗೆ 551 ಯೂರೋ ಇದ್ದರೆ ಲಕ್ಸೆಂಬರ್ಗಿನದು 2,638 ಯೂರೋ. ಈ ಅಂತರವನ್ನು ಬಳಸಿ ಕಡಿಮೆ ವೇತನದ ದೇಶದಲ್ಲಿ ಚಾಲಕರನ್ನು ನೇಮಿಸಿ ಹೆಚ್ಚು ವೇತನದ ದೇಶಗಳಲ್ಲಿ ದುಡಿಸುವ ಸರಪಳಿ ಬೆಳೆಯಿತು. 2023ರ ವಸಂತದಲ್ಲಿ ಜರ್ಮನಿಯ ಗ್ರೇಫೆನ್‌ಹೌಸೆನ್ ಹೆದ್ದಾರಿ ತಂಗುದಾಣದಲ್ಲಿ, ಪೋಲೆಂಡಿನ ಸಾರಿಗೆ ಕಂಪನಿಗಳಿಗಾಗಿ ದುಡಿಯುತ್ತಿದ್ದ ಜಾರ್ಜಿಯಾ ಮತ್ತು ಉಜ್ಬೇಕಿಸ್ತಾನದ ಚಾಲಕರು ಬಾಕಿ ವೇತನಕ್ಕಾಗಿ ವಾರಗಟ್ಟಲೆ ಲಾರಿ ನಿಲ್ಲಿಸಿ ಕುಳಿತು ಗೆದ್ದರು. ಅದೇ ಬೇಸಿಗೆಯಲ್ಲಿ ಅಲ್ಲಿಯೇ ಎರಡನೇ ಮುಷ್ಕರವೂ ನಡೆಯಿತು. ಯಂತ್ರ ಗಂಟೆಗಳನ್ನು ಎಣಿಸುತ್ತಿದ್ದರೂ ಕೂಲಿಯ ಹೊಣೆ ಉಪಗುತ್ತಿಗೆಯ ಸರಪಳಿಯಲ್ಲಿ ಕರಗಿಹೋಗಿತ್ತು. ಇದಕ್ಕೆ ಎದುರಾದ ಪ್ರಯತ್ನಗಳೂ ಇವೆ. ನಾರ್ವೆ 2015ರಲ್ಲಿ ರಸ್ತೆ ಸರಕು ಸಾಗಣೆಯ ಸಾಮೂಹಿಕ ಒಪ್ಪಂದದ ಗಂಟೆಯ ಕೂಲಿಯನ್ನು ಒಪ್ಪಂದದ ಹೊರಗಿನ ಚಾಲಕರಿಗೂ ವಿಸ್ತರಿಸಿತು. ಒಕ್ಕೂಟದ ನಿಯಮಗಳು 2022ರ ಫೆಬ್ರವರಿಯಿಂದ, ಹೊರದೇಶದ ಚಾಲಕ ಕೆಲವು ಬಗೆಯ ಸಾಗಣೆ ಮಾಡುವಾಗ ಸಾಗಣೆ ನಡೆಯುವ ದೇಶದ ವೇತನವನ್ನೇ ಕೊಡಬೇಕೆಂದು ವಿಧಿಸಿದವು. ಗಂಟೆಯ ಅಳತೆ ಮತ್ತು ಕೂಲಿಯ ಹೊಣೆ ಎರಡೂ ಒಟ್ಟಿಗೆ ಇದ್ದಲ್ಲಿ ಮಾತ್ರ ಚಾಲಕನಿಗೆ ರಕ್ಷಣೆ ಎಂಬುದು ಯುರೋಪಿನ ಯಶಸ್ಸು, ಸೋಲು ಎರಡರಿಂದಲೂ ತಿಳಿಯುವ ಪಾಠ.

ಆಕ್ಷೇಪಗಳು

ಮೊದಲ ಆಕ್ಷೇಪ ಸಣ್ಣ ಮಾಲೀಕರದು. ಡೀಸೆಲ್, ಟೋಲ್, ವಿಮೆ, ಟೈರು, ಸಾಲದ ಕಂತು ಕಳೆದರೆ ಉಳಿಯುವುದೇ ಅಷ್ಟಿಷ್ಟು, ಕಾದ ಗಂಟೆಗೆ ಕೂಲಿ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮಾರಾಟ ತೆರಿಗೆ ಶೇ. 18.44ರಿಂದ 21.17ಕ್ಕೆ ಏರಿದಾಗ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ಈ ಇಕ್ಕಟ್ಟಿನಿಂದಲೇ. ಆದರೆ ಕಾಯಿಸುವವನು ಮಾಲೀಕನಲ್ಲ, ಸರಕಿನ ಒಡೆಯ. ಬಂದರಿನಲ್ಲಿ ಸರಕಿಳಿಸಲು ಒಪ್ಪಂದದ ಅವಧಿ ಮೀರಿ ಹಡಗು ನಿಂತರೆ ಅದಕ್ಕೆ ಡೆಮರೇಜ್ ಎಂಬ ತಡ ಶುಲ್ಕ ಉಂಟು. ರೈಲ್ವೆ ವ್ಯಾಗನ್ ನಿಗದಿತ ವೇಳೆ ಮೀರಿದರೆ ಅದಕ್ಕೂ ಉಂಟು. ಲಾರಿಯ ಹಾಲ್ಟಿಂಗ್ ದುಡ್ಡು ಮಾತ್ರ ಚೌಕಾಸಿಯ ಮಾತಾಗಿ ಉಳಿದಿದೆ, ಸಿಕ್ಕರೂ ಚಾಲಕನವರೆಗೆ ಬರುವುದು ಖಚಿತವಿಲ್ಲ. ಕಾಯಿಸಿದವನೇ ತೆರಬೇಕೆಂದಾದರೆ ಸಣ್ಣ ಮಾಲೀಕನ ಹೊರೆ ಇಳಿಯುತ್ತದೆ, ಲೋಡಿಂಗ್ ಚುರುಕುಗೊಳಿಸಲು ಗೋದಾಮಿಗೂ ಕಾರಣ ಸಿಗುತ್ತದೆ. 2025ರ ಮಾರ್ಚ್ ಕೊನೆಯಲ್ಲಿ ದಕ್ಷಿಣದ ಅನಿಲ ಟ್ಯಾಂಕರ್ ಮಾಲೀಕರು ಮುಷ್ಕರಕ್ಕಿಳಿದಾಗ ಅವರ ವಿರೋಧವಿದ್ದ ಟೆಂಡರ್ ಷರತ್ತುಗಳಲ್ಲಿ, ಬದಲಿ ಚಾಲಕ ಅಥವಾ ಕ್ಲೀನರ್ ಇಲ್ಲದಿದ್ದರೆ ದಂಡವೆಂಬುದೂ ಇತ್ತು. ಬದಲಿ ಚಾಲಕ ಬೇಕೆಂಬುದು ಸರಿ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲದ ಬುಲೆಟ್ ಟ್ಯಾಂಕರ್ ಉರುಳಿ ಬೆಂಕಿ ಹಬ್ಬಿ ಜನ ಸತ್ತದ್ದನ್ನು ಈ ಜಿಲ್ಲೆ ಮರೆಯಲಾಗದು. ಆ ಎರಡನೆಯವನ ಕೂಲಿಯನ್ನು ಬಾಡಿಗೆಯಲ್ಲಿ ಸೇರಿಸದೆ ದಂಡವನ್ನಷ್ಟೇ ಸೇರಿಸುವುದು ಸರಿಯಲ್ಲ.

ಎರಡನೆಯ ಆಕ್ಷೇಪ, ಚಾಲಕರಿಗೇ ಟ್ರಿಪ್ ಪದ್ಧತಿ ಇಷ್ಟ, ಹೆಚ್ಚು ಓಡಿಸಿದವನು ಹೆಚ್ಚು ಗಳಿಸುತ್ತಾನೆ ಎಂಬುದು. ಮೂಲ ಸಂಬಳ ಮನೆ ನಡೆಸಲು ಸಾಲದಿದ್ದಾಗ ಟ್ರಿಪ್ಪಿನ ಹಣವನ್ನು ಆರಿಸಿಕೊಳ್ಳುವುದನ್ನು ಇಷ್ಟವೆಂದು ಕರೆಯಲಾಗದು. ಈ ದುಡಿಮೆಯ ಅಪಾಯ ದುಡಿಯುವವನೊಬ್ಬನದೇ ಅಲ್ಲ. ನಂತೂರಿನ ತಿರುವಿನಲ್ಲಿ ಅಥವಾ ಕೂಳೂರು ಸೇತುವೆಯ ಮೇಲೆ ತೂಕಡಿಸಿದ ಚಾಲಕನ ಎದುರು ಬರುವ ಬೈಕು ಸವಾರ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಮೂರನೆಯ ಆಕ್ಷೇಪ, ವಿಶ್ರಾಂತಿ ಹೆಚ್ಚಿದರೆ ಸರಕು ತಡವಾಗುತ್ತದೆ ಎಂಬುದು. ಕೊಂಕಣ ರೈಲ್ವೆಯ ರೋ-ರೋ ಸೇವೆ ಇದಕ್ಕೆ ಸುರತ್ಕಲ್ಲಿನಲ್ಲೇ ಸಿಗುವ ಉತ್ತರ. 1999ರಲ್ಲಿ ಕೊಲಾಡ್ ಮತ್ತು ವೆರ್ಣದ ನಡುವೆ ಶುರುವಾಗಿ 2004ರಲ್ಲಿ ಸುರತ್ಕಲ್ಲಿಗೆ ಬಂದ ಈ ಸೇವೆಯಲ್ಲಿ ಲಾರಿ ರೈಲಿನ ಮೇಲೇರಿ ಸಾಗುತ್ತದೆ, ಚಾಲಕ ಅದರಲ್ಲೇ ಕುಳಿತು ದಣಿವಾರಿಸಿಕೊಳ್ಳುತ್ತಾನೆ. ವಿಶ್ರಾಂತಿಗೆ ಏರ್ಪಾಡು ಮಾಡಿದರೆ ಸರಕೂ ಮುಂದೆ ಹೋಗುತ್ತದೆ.

ನಾಲ್ಕನೆಯದು, ಚದುರಿಹೋದ ಈ ಉದ್ಯಮದಲ್ಲಿ ಗಂಟೆ ಎಣಿಸುವುದೇ ಅಸಾಧ್ಯ ಎಂಬ ವಾದ. 1961ರಲ್ಲಿ ಇದು ನಿಜವಿದ್ದಿರಬಹುದು. ಇಂದು ಟೋಲ್ ದಾಟಿದ ಕ್ಷಣವನ್ನು ಫಾಸ್ಟ್ಯಾಗ್ ಬರೆದಿಡುತ್ತದೆ. 2018ರಲ್ಲಿ ಜಾರಿಯಾದ ಇ-ವೇ ಬಿಲ್ಲಿನ ಸಿಂಧುತ್ವವನ್ನು 2021ರಿಂದ 200 ಕಿಲೋಮೀಟರಿಗೆ ಒಂದು ದಿನದಂತೆ ಲೆಕ್ಕ ಹಾಕಲಾಗುತ್ತದೆ. ಅಪಾಯಕಾರಿ ಸರಕಿನ ವಾಹನಗಳಿಗೆ ಸ್ಥಳ ಗುರುತಿಸುವ ಸಾಧನ ಕಡ್ಡಾಯ. ತೆರಿಗೆಗಾಗಿ, ಟೋಲಿಗಾಗಿ, ಸರಕಿನ ಭದ್ರತೆಗಾಗಿ ಲಾರಿಯ ಓಟವನ್ನು ನಿಮಿಷದ ಲೆಕ್ಕದಲ್ಲಿ ಹಿಡಿಯಬಲ್ಲ ವ್ಯವಸ್ಥೆ, ಅದೇ ಲಾರಿಯ ಚಾಲಕ ಎಷ್ಟು ಹೊತ್ತು ಎಚ್ಚರವಿದ್ದ ಎಂಬುದನ್ನು ಹಿಡಿಯಲಾರದೆಂದು ಹೇಳುವಂತಿಲ್ಲ.

ಮುಂದಿನ ದಾರಿ

ಕರ್ನಾಟಕಕ್ಕೆ ಯುರೋಪಿನ ವೇತನದ ಅಂಕಿಗಳನ್ನು ತರಲಾಗದು, ತರಬೇಕಾದ್ದು ಅಲ್ಲಿನ ಅಳತೆಗೋಲು. ವೇಳೆಯ ಮಿತಿ ಕಾರ್ಮಿಕರ ಸಂಖ್ಯೆಯನ್ನು ಬಿಟ್ಟು ವಾಹನದ ತೂಕವನ್ನು ಹಿಡಿಯಬೇಕು. ಕಾದ ಹೊತ್ತು ಕೆಲಸದ ಹೊತ್ತಾಗಬೇಕು, ಅದರ ವೆಚ್ಚ ಕಾಯಿಸಿದವನ ಮೇಲೆ ಬೀಳಬೇಕು. ಖರ್ಚಿನ ಬಾಟಾ ಬೇರೆ, ದುಡಿಮೆಯ ವೇತನ ಬೇರೆ ಎಂದು ಬರವಣಿಗೆಯಲ್ಲಿ ವಿಂಗಡಿಸಿ, ವೇತನದ ಪಾಲು ಪರಿಹಾರಕ್ಕೂ ಭವಿಷ್ಯನಿಧಿಗೂ ಆಧಾರವಾಗಬೇಕು. ಇದನ್ನು ಆರಂಭಿಸಲು ಸಂಸತ್ತಿನ ತಿದ್ದುಪಡಿಗೆ ಕಾಯಬೇಕಿಲ್ಲ. ನವಮಂಗಳೂರು ಬಂದರು ಪ್ರಾಧಿಕಾರ ಸಾರ್ವಜನಿಕ ಸಂಸ್ಥೆ. ಲಾರಿ ನಿಲ್ದಾಣದ ವಿಸ್ತರಣೆಗೆ ಅಲ್ಲಿ 2021ರಲ್ಲೇ ಶಂಕುಸ್ಥಾಪನೆ ನಡೆದು, ಚಾಲಕರಿಗೆ ಊಟ ಮತ್ತು ತಂಗುವ ವ್ಯವಸ್ಥೆಯ ಯೋಜನೆಯನ್ನೂ ಪ್ರಕಟಿಸಲಾಗಿತ್ತು. ಅದರ ಜೊತೆಗೆ ಲಾರಿ ಸರತಿಗೆ ಬಂದ ಹಾಗೂ ಲೋಡಾಗಿ ಹೊರಟ ವೇಳೆಯನ್ನು ಚಾಲಕನ ಕೈಗೆ ಚೀಟಿಯಲ್ಲಿ ಕೊಟ್ಟು, ನಿಗದಿತ ಅವಧಿ ಮೀರಿದ ಪ್ರತಿ ಗಂಟೆಗೂ ಹಾಲ್ಟಿಂಗ್ ದರವನ್ನು ಪ್ರಾಧಿಕಾರ ಗೊತ್ತುಪಡಿಸಬಹುದು. ಇಲ್ಲಿನ ಸಾರ್ವಜನಿಕ ವಲಯದ ತೈಲ ಕಂಪನಿಗಳು ತಮ್ಮ ಟೆಂಡರಿನಲ್ಲೇ ಬದಲಿ ಚಾಲಕನ ವೇತನವನ್ನು ಬಾಡಿಗೆಯ ಭಾಗವಾಗಿಸಬಹುದು. ಸರಕಿನ ದೊಡ್ಡ ಒಡೆಯರು ಮೊದಲು ಒಪ್ಪಿದರೆ ಸಣ್ಣ ಮಾಲೀಕನಿಗೆ ಒಪ್ಪುವ ಶಕ್ತಿ ಬರುತ್ತದೆ. 1961ರ ಕಾಯ್ದೆ ಕೊಟ್ಟ ಎಂಟು ಗಂಟೆಯ ಮಾತು ಲಾರಿಯ ಕ್ಯಾಬಿನ್ನಿನವರೆಗೆ ತಲುಪಲು ಇಷ್ಟು ಅಗತ್ಯ, ಮತ್ತು ಇಷ್ಟು ಇಂದೇ ಸಾಧ್ಯ.